ಭಾಲ್ಕಿಯಿಂದ ಭಾಲ್ಕಿಗೆ

ಎಸ್ತರಳ ಕಂಪ್ಯೂಟರಿನಲ್ಲಿ ಭಾಲ್ಕಿಯ ನೂರಾರು ಕುಟುಂಬಗಳು ಕಾಣೆಯಾಗಿದ್ದವು.

ಅವಳು ಬೀದರಿನ ಸಣ್ಣದೊಂದು ಸೇವಾ ಸಂಸ್ಥೆಯಲ್ಲಿದ್ದಳು. ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ಜನ ಎಲ್ಲೆಲ್ಲಿಗೆ ಗುಳೇ ಹೋದರೆಂದು ತೋರಿಸಲು ಪ್ರೋಗ್ರಾಂ ಬರೆದಿದ್ದಳು. ತಾಲೂಕಿಗೆ, ಪಟ್ಟಣಕ್ಕೆ ಒಂದೊಂದು ಚುಕ್ಕೆ. ಹೊರಟಲ್ಲಿಂದ ಸೇರಿದಲ್ಲಿಗೆ ಬಾಣ. ಔರಾದಿನಿಂದ ಹೈದರಾಬಾದಿಗೆ, ಬೀದರಿನಿಂದ ಪುಣೆಗೆ ಬಾಣಗಳು ಜೋರಾಗಿ ಹಾರಿದ್ದವು. ಮಧ್ಯಾಹ್ನ ಬೆಂಗಳೂರಿನ ಸಾಹೇಬರು ಬಂದು ಈ ಚಿತ್ರ ನೋಡಿ, ಗುಳೇ ಹೋದವರ ಮಕ್ಕಳಿಗೆ ಎಲ್ಲಿ ವಸತಿ ಶಾಲೆ ಬೇಕೆಂದು ತೀರ್ಮಾನಿಸುವವರಿದ್ದರು.

ಅದಕ್ಕೇ ಬೆಳಿಗ್ಗೆಯಿಂದ ಕಾದು ಕೂತಿದ್ದ ಶಾಲುಬಾಯಿ ಪರದೆಗೆ ಮೂಗು ತಾಗಿಸಿ ನೋಡಿದಳು. ತನ್ನ ಹಳ್ಳಿ ಭಾತಂಬ್ರಾ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಭಾಲ್ಕಿ ಪಟ್ಟಣದ ಆಚೆಯ ಇಟ್ಟಂಗಿ ಭಟ್ಟಿಗೆ ಸೇರಿದವಳು.

"ಇದರಾಗ ನಾವೆಲ್ಲಿ ಅದೀವ್ರಿ ಅಕ್ಕೋರೆ?"

ಎಸ್ತರ ಹುಡುಕಿದಳು. ಶಾಲುಬಾಯಿ ಹೊರಟ ತಾಲೂಕು ಭಾಲ್ಕಿ, ಸೇರಿದ ತಾಲೂಕೂ ಭಾಲ್ಕಿ. ಚುಕ್ಕೆಯಿಂದ ಅದೇ ಚುಕ್ಕೆಗೆ ಗೆರೆ ಎಳೆದರೆ ಉದ್ದ ಸೊನ್ನೆ. ಪಾಪದ ಪ್ರೋಗ್ರಾಂ ಎಳೆದೇ ಇತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ.

"ಅದಕ್ಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ?" ಎಂದರು ಮುಖ್ಯಸ್ಥ ಪಂಢರಿ. "ಪೆನ್ನಿಲೆ ಒಂದು ಉಂಗುರ ಬರೀರಿ, ಖತಂ!"

"ಸ್ಕ್ರೀನ್ ಮ್ಯಾಲೇನ್ರಿ ಸರ?"

ಹೊರಟದ್ದೂ ಸೇರಿದ್ದೂ ಒಂದೇ ಆದರೆ ನೇರ ಗೆರೆ ಬೇಡ, ಉಂಗುರ ಎಳೆ ಎಂದು ಎಸ್ತರ ಪ್ರೋಗ್ರಾಮಿಗೆ ಹೊಸ ಸಾಲು ಬರೆದಳು. ಭಾಲ್ಕಿಯ ಚುಕ್ಕೆಯಿಂದ ಲಾರಿ ಟೈರಿನಂಥ ಉಂಗುರವೊಂದು ಎದ್ದು ಔರಾದು, ಬೀದರ ಎರಡನ್ನೂ ಹೊಟ್ಟೆಗೆ ಹಾಕಿಕೊಂಡಿತು.

"ಭಾಲ್ಕಿಯವರು ನಮ್ಮ ಬೀದರ ನುಂಗಿಬಿಟ್ರಲ್ಲ!" ಲೆಕ್ಕಪತ್ರದ ಫ್ಲಾರೆನ್ಸ ಕುರ್ಚಿ ಎಳೆದುಕೊಂಡು ಬಂದಳು.

ಎಸ್ತರ ಅಳತೆ ಇಳಿಸಿದಳು. ಈಗ ಬೇರೆ ತಾಲೂಕುಗಳವೂ ಸೇರಿ ಉಂಗುರಗಳೆಲ್ಲ ಒಂದೇ ದಿಕ್ಕಿಗೆ ವಾಲಿ ಊರಿನ ಹೆಸರುಗಳ ಮೇಲೆ ಕೂತವು. ಚಹಾ ತಂದ ಖಾಸಿಂ ಅಲಿ ಕಣ್ಣರಳಿಸಿದ. "ಹಿಡಿಕಿ ಇರೋ ಚಹಾದ ಕಪ್ಪು ಮಸ್ತ್ ಬರ್ದೀರಿ ಮೇಡಂ. ಕೆಳಗ ಬಸಿ ಒಂದು ಹಾಕಿಬಿಡ್ರಿ."

"ನೀವು ಮೂರೂ ಮಂದಿ ಹೊರಗ ಹೋಗ್ರಿ!" ಎಂದು ಎಸ್ತರ ಕಿರುಚುವಷ್ಟರಲ್ಲಿ ಕರೆಂಟೇ ಹೋಯಿತು. ಬರೆದ ಸಾಲುಗಳೂ ಅದರ ಹಿಂದೆಯೇ ಹೋದವು.

ಕರೆಂಟು ಬಂದ ಮೇಲೆ ಹಲ್ಲು ಕಚ್ಚಿ ಮತ್ತೆ ಕೂತಳು. ಚಿತ್ರದ ನಡುವಿನಿಂದ ಪ್ರತಿ ಚುಕ್ಕೆ ಯಾವ ದಿಕ್ಕಿಗಿದೆ ಎಂದು ಲೆಕ್ಕ ಹಾಕಿ ಉಂಗುರಗಳನ್ನು ಹೊರಕ್ಕೆ ತಿರುಗಿಸಿದಳು. ತುದಿಗೆ ಬಾಣದ ಮೂತಿ ಅಂಟಿಸಿದಳು. ಭಾಲ್ಕಿಯ ಬೆನ್ನಿಗೆ ಕಿವಿಯೋಲೆಯಂಥ ಚೆಂದದ ಉಂಗುರ ಮೂಡಿತು.

"ಇದು ನಾನೇನ್ರಿ?"

"ಹೌದವ್ವ, ನೀನೇ."

ಶಾಲುಬಾಯಿ ಸೆರಗು ಸರಿಮಾಡಿಕೊಂಡಳು, ಫೋಟೋ ತೆಗೆಯುತ್ತಾರೇನೋ ಎಂಬಂತೆ.

ಸಾಹೇಬರು ಬಂದರು. ಎಲ್ಲ ಬಾಣ ಬಿಟ್ಟು ಅವರ ಬೆರಳು ಸೀದಾ ಭಾಲ್ಕಿಯ ಉಂಗುರದ ಮೇಲೆ ನಿಂತಿತು.

"ಅರೆ! ಇವರೆಲ್ಲ ಹೋಗಿ ವಾಪಸ್ ಬಂದಿದ್ದಾರೆ!"

"ಇಲ್ಲ ಸರ್, ಮನಿ ಬಿಟ್ಟಾರ. ಭಟ್ಟಿಯೊಳಗ ಅದಾರ. ನೋಡ್ರಿ, ಈಕಿ ಶಾಲುಬಾಯಿ..."

"ಭಟ್ಟಿ ಎಲ್ಲಿದೆ?"

"ಭಾಲ್ಕಿ ತಾಲೂಕಿನ್ಯಾಗ."

"ಇವರದು ಯಾವ ತಾಲೂಕು?"

"ಭಾಲ್ಕಿನೇ ಸರ್, ಆದರ..."

"ಮತ್ತೆ? ಬಾಣ ನೀವೇ ತಿರುಗಿಸಿದ್ದೀರಲ್ಲಮ್ಮ." ಸಾಹೇಬರು ನಕ್ಕು ತಮ್ಮ ಪಟ್ಟಿಯಲ್ಲಿ ಭಾಲ್ಕಿಯ ವಸತಿ ಶಾಲೆಯನ್ನು ಅಲ್ಲೇ ಗೀಟು ಎಳೆದು ಹೊಡೆದುಹಾಕಿದರು. ಎಸ್ತರ ಮತ್ತೆ ಬಾಯಿ ತೆರೆದಳು. ಪಂಢರಿ ಅವಳ ಕಾಲು ತುಳಿದರು.

ಬಾಗಿಲವರೆಗೆ ಹೋದ ಸಾಹೇಬರು ಏನೋ ಹೊಳೆದು ತಿರುಗಿದರು.

"ನಾಳೆ ಮಂತ್ರಿಗಳ ಸಭೆ ಇದೆ. ಹೈದರಾಬಾದು, ಪುಣೆಗೆ ಹೋಗಿವೆಯಲ್ಲ, ಆ ಬಾಣಗಳನ್ನೂ ಹೀಗೇ ಮನೆಗೆ ತಿರುಗಿಸಿಕೊಡಿ. ಜಿಲ್ಲೆಗೆ ಜಿಲ್ಲೆಯೇ ವಾಪಸ್ ಬಂದುಬಿಡಲಿ!"