ಜೋಡಿ ಕಂದೀಲು ಸಿಗಾರಿನ ಸ್ಪೇನ್ ರಾಜಕುಮಾರಿ

ಬೆಟಗೇರಿಯಲ್ಲಿ ನೂರು ವರ್ಷಗಳಿಂದ ಬಿಡುವಿಲ್ಲದೆ ಹೊಗೆಯಾಡುತ್ತಿರುವ ಜೋಡಿ ಕಂದೀಲು ಸಿಗಾರ್ ಕಂಪನಿಯ ಘನತೆವೆತ್ತ ವ್ಯವಸ್ಥಾಪಕ ನಿರ್ದೇಶಕರ ಸನ್ನಿಧಾನಕ್ಕೆ, ಗದಗಿನ ಮುಳಗುಂದ ನಾಕಾದ ಬಳಿಯ ಸಾವಕ್ಕನ ಖಾನಾವಳಿಯ ಮಾಲಕಿ ನೀಲಾ ಒಲೆಯ ಮುಂದಿನಿಂದ ಎದ್ದು, ಕೈಗಂಟಿದ ಹಿಟ್ಟು ತೊಳೆದುಕೊಂಡು ಬರೆದುಕೊಳ್ಳುತ್ತಿರುವ ಬಹಿರಂಗ ಬಿನ್ನಹ.

ಮಾನ್ಯರೇ,

ಶತಮಾನೋತ್ಸವದ ಅಂಗವಾಗಿ ತಾವು ಹೊರತಂದಿರುವ ಕಂಪನಿಯ ಇತಿಹಾಸ ಗ್ರಂಥವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ವ್ಯಕ್ತಿ ಇಡೀ ಗದಗ ಜಿಲ್ಲೆಯಲ್ಲಿ ಬಹುಶಃ ನಾನೊಬ್ಬಳೇ ಇರಬೇಕು, ಆದ್ದರಿಂದ ಮೊದಲಿಗೆ ಅಭಿನಂದನೆ ಸಲ್ಲಿಸುವುದು ನನ್ನ ಕರ್ತವ್ಯ. ನುಣುಪಾದ ಕಾಗದದ ನೂರಾ ನಲವತ್ತು ಪುಟಗಳಲ್ಲಿ ಎಲ್ಲಿಯೂ ತಂಬಾಕಿನ ಘಾಟು ಮೂಗಿಗೆ ಬಡಿಯದಂತೆ, ಕೆಮ್ಮುವ ಒಬ್ಬ ಹೆಂಗಸೂ ಕಣ್ಣಿಗೆ ಬೀಳದಂತೆ ಸಿಗಾರಿನ ಚರಿತ್ರೆ ಬರೆಸುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಅದರಲ್ಲೂ ಮೂವತ್ತೊಂದನೆಯ ಪುಟ ಓದಿ ನಾನು ರೊಟ್ಟಿ ಹೊತ್ತಿಸಿದೆ. ನಿಮ್ಮ ಡಬ್ಬಿಯ ಮೇಲೆ ಕಂದೀಲು ಹಿಡಿದು ನಿಂತಿರುವ ಹೆಣ್ಣುಮಗಳು ಸ್ಪೇನ್ ದೇಶದ ಎಲ್ವೀರಾ ಎಂಬ ರಾಜಕುಮಾರಿಯೆಂದೂ, ತಮ್ಮ ಅಜ್ಜನವರಾದ ಗುರುಶಾಂತ ಸಾಹುಕಾರರು ಆಕೆಯ ಅನುಮತಿ ಪಡೆದು ಹೆಸರಾಂತ ವಿದೇಶಿ ಕಲಾವಿದನಿಂದ ಆ ಚಿತ್ರ ಬರೆಸಿದರೆಂದೂ ಅಲ್ಲಿದೆ. ಸಾಹುಕಾರರು ಜೀವಮಾನದಲ್ಲಿ ಪುಣೆಯಿಂದ ಆಚೆ ಹೋದವರಲ್ಲ. ರಾಜಕುಮಾರಿಯೇ ಟಾಂಗಾ ಮಾಡಿಕೊಂಡು ಬೆಟಗೇರಿಗೆ ಬಂದಿರಬೇಕು.

ಆ ರಾಜಕುಮಾರಿ ಸದ್ಯ ನನ್ನ ಅಡುಗೆಮನೆಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ವಯಸ್ಸು ಎಂಬತ್ತೈದು, ಹೆಸರು ಸಾವಕ್ಕ, ತವರು ಅಂತೂರ ಬೆಂತೂರ, ನನ್ನ ತಂದೆಯ ತಾಯಿ.

ತಮ್ಮ ಇತಿಹಾಸಕಾರರಿಗೆ ಈ ವಿಷಯ ತಿಳಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲವೆಂದು ಕಾಣುತ್ತದೆ, ಆದ್ದರಿಂದ ನಾನೇ ಅರಿಕೆ ಮಾಡುತ್ತೇನೆ. ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ನಮ್ಮಜ್ಜಿಗೆ ಹತ್ತೊಂಬತ್ತು ವರ್ಷ, ಮದುವೆಯಾಗಿ ಎರಡು ವರ್ಷ. ನೇಕಾರಿಕೆ ಮಾಡುತ್ತಿದ್ದ ಗಂಡ ಹುಚ್ಚೀರಪ್ಪನ ಮನೆಯಿಂದ ದಿನವೂ ನಿಮ್ಮ ಕಾರ್ಖಾನೆಗೆ ಹೋಗಿ ಸಿಗಾರು ಸುತ್ತುತ್ತಿದ್ದಳು. ಒಂದು ದಿನ ಲಕ್ಷ್ಮೇಶ್ವರದಿಂದ ಫೋಟೋದವನೊಬ್ಬ ಕರಿಯ ಬಟ್ಟೆ ಹೊದಿಸಿದ ಪೆಟ್ಟಿಗೆ ಹೊತ್ತು ಬಂದ. ಉಳಿದ ಹೆಂಗಸರು ಹೆದರಿ ಗೋದಾಮಿನೊಳಗೆ ಹೋಗಿ ಕುಳಿತರು. ಆ ಕರಿಯ ಬಟ್ಟೆಯೊಳಗೆ ಏನಿದೆ ನೋಡಬೇಕೆಂಬ ಆಸೆಗೆ ನಮ್ಮಜ್ಜಿ ಮಾತ್ರ ನಿಂತಳು. ಸಾಹುಕಾರರ ಹೆಂಡತಿಯ ಸರ ತಂದು ಆಕೆಯ ಕೊರಳಿಗೆ ಹಾಕಿದರು, ಎಡಗೈಗೆ ಕಂದೀಲು ಕೊಟ್ಟರು, ಫೋಟೋ ಮುಗಿದ ಕೂಡಲೇ ಸರ ಬಿಚ್ಚಿಕೊಂಡರು. "ಇದು ಮುನ್ಸಿಪಾಲಿಟಿ ದಾಖಲೇಕ್ಕ ಬೇಕವಾ" ಎಂದು ಹೇಳಿ ಕಳಿಸಿದರು. ನಾಲ್ಕು ತಿಂಗಳಾದ ಮೇಲೆ ಆ ದಾಖಲೆ ಗದಗ, ಶಿರಹಟ್ಟಿ, ಮುಂಡರಗಿಯ ಪ್ರತಿಯೊಂದು ಪಾನಂಗಡಿಯಲ್ಲಿ ಸಾಲಾಗಿ ನಿಂತಿತು.

ಅತ್ತೆ ಡಬ್ಬಿಯೊಂದನ್ನು ಸೊಸೆಯ ಮುಖಕ್ಕೆ ಎಸೆದು, "ಊರಾನ ಗಂಡಸರೆಲ್ಲ ನಿನ್ನ ಕಿಸೇದಾಗ ಇಟ್ಕೊಂಡು ಅಡ್ಡಾಡಾಕತ್ತಾರ, ಇನ್ನ ನಮ್ಮ ಮನ್ಯಾಗ ನಿನಗೇನ ಕೆಲಸ?" ಎಂದು ತವರಿಗೆ ಅಟ್ಟಿದಳು. ನಮ್ಮಜ್ಜ ತಾಯಿಗೆ ಎದುರು ಮಾತಾಡಲಿಲ್ಲ. ಒಂಬತ್ತು ತಿಂಗಳು ಅಜ್ಜಿ ಅಂತೂರ ಬೆಂತೂರದಲ್ಲಿ ಅಣ್ಣನ ಮನೆಯ ಹಿತ್ತಿಲಲ್ಲಿ ಕಳೆದಳು. ನನ್ನ ತಂದೆ ಹುಟ್ಟಿದ್ದು ಅಲ್ಲಿಯೇ. ಕೂಸಿನ ಮುಖ ನೋಡಲು ಬೆಟಗೇರಿಯಿಂದ ಒಬ್ಬರೂ ಬರಲಿಲ್ಲ.

ಆಗ ತಮ್ಮ ಅಜ್ಜನವರು ಕರುಣಾಮಯಿಗಳಾಗಿ ನಾಲ್ಕು ಹಿರಿಯರನ್ನು ಕರೆದುಕೊಂಡು ಬೆಟಗೇರಿಯ ನಮ್ಮ ಮನೆಯ ಕಟ್ಟೆಗೆ ಬಂದರು. ಕರುಣೆಯೆಂದೇ ನಾನು ನಂಬಿಕೊಂಡಿದ್ದೆ, ಆದರೆ ಸಾವಕ್ಕನಷ್ಟು ಬಿಗಿಯಾಗಿ ಸುತ್ತುವ ಕೈ ಕಾರ್ಖಾನೆಯಲ್ಲಿ ಇನ್ನೊಂದಿರಲಿಲ್ಲ ಎಂದು ಆಕೆಯ ಜೊತೆಗೆ ಕೆಲಸ ಮಾಡಿದವರು ಹೇಳುತ್ತಾರೆ. "ಏ ಹುಚ್ಚೀರಪ್ಪಾ, ಇದು ಸ್ಪೇನ್ ದೇಶದ ರಾಜಕುಮಾರಿ ಚಿತ್ರಾ ಪಾ. ನಿನ್ನ ಹೇಣ್ತಿಗೂ ಇದಕ್ಕೂ ಏನ ಸಂಬಂಧ?" ಎಂದರು ಸಾಹುಕಾರರು. ಹಿರಿಯರು ತವರಿನಿಂದ ಅಜ್ಜಿಯನ್ನೂ ಕರೆಸಿ ಕೇಳಿದರು. ಕಂಕುಳಲ್ಲಿ ಕೂಸಿತ್ತು. ಆಕೆ ತಲೆ ತಗ್ಗಿಸಿ, "ನಾ ಅಲ್ರಿ" ಎಂದಳು. ತಮ್ಮ ಗ್ರಂಥದ ಮೂವತ್ತೊಂದನೆಯ ಪುಟ ಹುಟ್ಟಿದ್ದು ಹೀಗೆ, ನಮ್ಮ ಮನೆಯ ಕಟ್ಟೆಯ ಮೇಲೆ. ಹೆಸರಾಂತ ವಿದೇಶಿ ಕಲಾವಿದ ಆಗ ಅಲ್ಲಿರಲಿಲ್ಲ.

ಆ ಎರಡು ಪದಗಳ ಆಸರೆಯಲ್ಲಿ ಅಜ್ಜಿ ಗಂಡನ ಮನೆಗೆ ಮರಳಿ ಬಾಳ್ವೆ ಮಾಡಿದಳು, ಮತ್ತೆ ಮೂವತ್ತೆಂಟು ವರ್ಷ ನಿಮ್ಮಲ್ಲಿ ಸಿಗಾರು ಸುತ್ತಿದಳು, ತನ್ನದೇ ಮುಖದ ಚೀಟಿಯನ್ನು ತಾನೇ ಡಬ್ಬಿಗೆ ಅಂಟಿಸಿದಳು. ಹನ್ನೆರಡು ವರ್ಷಗಳ ಹಿಂದೆ ಅಜ್ಜ ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಅವನ ಟ್ರಂಕು ತೆಗೆದರೆ ಧೋತರದ ಮಡಿಕೆಯಲ್ಲಿ ನಿಮ್ಮ ಹಳೆಯ ಡಬ್ಬಿಯ ಮುಚ್ಚಳವೊಂದು, ಅಂಚು ಹರಿಯದಂತೆ ಬಟ್ಟೆಯಲ್ಲಿ ಸುತ್ತಿಟ್ಟದ್ದು, ಸಿಕ್ಕಿತು. ಅಜ್ಜ ಒಂದು ದಿನವೂ ಸಿಗಾರು ಸೇದಿದವನಲ್ಲ. ಅಜ್ಜಿ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು, "ಇವಂಗ ಗೊತ್ತಿತ್ತಲ್ಲ... ಒಂದ ಮಾತ ಅನಬಾರದಿತ್ತ?" ಎಂದು ಗೋಡೆಗೆ ಒರಗಿ ಅತ್ತಳು. ನಿಜ ಸಂಗತಿ ನಮಗೆಲ್ಲ ತಿಳಿದದ್ದು ಆ ದಿನ. ನಾನು ಖಾನಾವಳಿ ತೆಗೆದಾಗ ಆ ಮುಚ್ಚಳದ ಮೇಲಿನ ಮುಖ ನೋಡಿಯೇ ಬೋರ್ಡು ಬರೆಸಿದೆ.

ಮಾನ್ಯರೇ, ಕಳೆದ ಶ್ರಾವಣದಲ್ಲಿ ತಮ್ಮ ಕಾನೂನು ವಿಭಾಗದಿಂದ ನನಗೆ ನೋಟೀಸು ಬಂತು. ಬೋರ್ಡಿನ ಮೇಲಿನ ಮುಖ ಕಂಪನಿಯ ನೋಂದಾಯಿತ ಸ್ವತ್ತಾದ್ದರಿಂದ ಹದಿನೈದು ದಿನಗಳೊಳಗೆ ತೆಗೆಯಬೇಕೆಂದು ಅದರಲ್ಲಿತ್ತು. ಸ್ವತ್ತನ್ನೇ ಕೈಹಿಡಿದು ತಮ್ಮ ಕಚೇರಿಗೆ ಕರೆದುಕೊಂಡು ಬಂದೆ. ತಮ್ಮ ವ್ಯವಸ್ಥಾಪಕರಾದ ಸುದೀಪ ಅವರು ಕುರ್ಚಿ ಕೊಟ್ಟರು, ನೀರು ತರಿಸಿದರು, "ಆದ್ರ ಅಜ್ಜಿ, ನಮ್ಮ ಪುಸ್ತಕದಾಗ ಹಂಗಿಲ್ರಿ" ಎಂದರು. ಅಜ್ಜಿ ಮೇಜಿನ ಮೇಲಿದ್ದ ಡಬ್ಬಿಯ ಪಕ್ಕದಲ್ಲಿ ತನ್ನ ಎಡಗೈ ಇಟ್ಟಳು. ತಂಬಾಕು ಕತ್ತರಿಸುವ ಚಾಕು ತಗುಲಿ ಹದಿನೇಳನೆಯ ವಯಸ್ಸಿನಲ್ಲಿ ಸೊಟ್ಟಗಾದ ಹೆಬ್ಬೆರಳು ಅಲ್ಲಿತ್ತು, ಡಬ್ಬಿಯ ಮೇಲೆ ಕಂದೀಲು ಹಿಡಿದ ರಾಜಕುಮಾರಿಯ ಕೈಯಲ್ಲೂ ಅದೇ ಸೊಟ್ಟ ಹೆಬ್ಬೆರಳಿತ್ತು. ಸ್ಪೇನ್ ಅರಮನೆಯ ಹೆಣ್ಣುಮಕ್ಕಳೂ ತಂಬಾಕು ಕತ್ತರಿಸುತ್ತಿದ್ದರೇ ಎಂದು ನಾನು ವಿನಯದಿಂದ ಕೇಳಿದೆ. ಸುದೀಪ ಅವರು ಬೆವರು ಒರೆಸಿಕೊಂಡು, "ಮ್ಯಾಲಿನವರಿಗೆ ಕಳಸ್ತೀನ್ರಿ" ಎಂದರು.

ಮೇಲಿನವರಿಂದ ಬಂದ ಉತ್ತರ ಓದಿ ನಾನು ತಮ್ಮ ಕಂಪನಿಯ ಬುದ್ಧಿಗೆ ತಲೆಬಾಗಿದೆ. ಹೋಲಿಕೆ ಕಾಕತಾಳೀಯವಂತೆ. ಆದರೂ ಔದಾರ್ಯದಿಂದ, ಶತಮಾನೋತ್ಸವದ ವೇದಿಕೆಯಲ್ಲಿ ಸಾವಕ್ಕನವರು ಸ್ಪೇನ್ ರಾಜಕುಮಾರಿಯ ವೇಷ ಹಾಕಿಕೊಂಡು ಕಂದೀಲು ಹಿಡಿದು ನಿಲ್ಲಬಹುದಂತೆ, ಗಣ್ಯರು ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರಂತೆ. ಹೋಗಬೇಡವೆಂದು ನಾನು ಹಟ ಹಿಡಿದೆ. "ಹೋಗೂಣು. ನಾ ಒಂದ ಮಾತ ಹೇಳೂದೈತಿ" ಎಂದಳು ಅಜ್ಜಿ.

ತಾವು ಕಳಿಸಿದ ಜರಿಯ ನಿಲುವಂಗಿಯನ್ನು ಮಡಿಸಿಟ್ಟು, ಇಳಕಲ್ ಸೀರೆ ಉಟ್ಟು ಆಕೆ ವೇದಿಕೆ ಹತ್ತಿದ್ದನ್ನು ತಾವು ಮುಂದಿನ ಸಾಲಿನಲ್ಲಿ ಕುಳಿತು ನೋಡಿದ್ದೀರಿ. ನಿರೂಪಕಿ ಎರಡು ಮಾತಾಡಿ ಎಂದು ಮೈಕು ಕೊಟ್ಟಳು. ಅಜ್ಜಿ ಅದನ್ನು ಕಂದೀಲು ಹಿಡಿದಿದ್ದ ಎಡಗೈಯಲ್ಲೇ ಹಿಡಿದಳು.

"ನಾ ಸ್ಪೇನ್‌ದಾಕಿ ಅಲ್ರಿ. ಬೆಟಗೇರಿ ಹುಚ್ಚೀರಪ್ಪನ ಹೇಣ್ತಿ ಸಾವಕ್ಕ. ಈ ಡಬ್ಬಿ ಮ್ಯಾಲಿನ ಮಾರಿ ನಂದು. ಸಂಸಾರ ಉಳಿಸ್ಕೊಳ್ಳಾಕ ಅವತ್ತ ಅಲ್ಲ ಅಂದಿದ್ನಿ. ಇವತ್ತ ಹೌದು ಅಂತೀನಿ."

ಹಿಂದಿನ ಸಾಲಿನಿಂದ, ಆಕೆಯ ಜೊತೆ ಸಿಗಾರು ಸುತ್ತಿದ ಹುಸೇನಬಿ ಮೊಮ್ಮಗಳ ಹೆಗಲು ಹಿಡಿದು ಎದ್ದು ನಿಂತು, "ಖರೆ ಐತ್ರಿ! ಆ ಕಂದೀಲಿಗೆ ಗೋದಾಮಿನಾಗ ಎಣ್ಣಿ ಹಾಕಿ ಕೊಟ್ಟಾಕಿ ನಾನ!" ಎಂದು ಕೂಗಿದರು. ಆಮೇಲೆ ಒಬ್ಬೊಬ್ಬರಾಗಿ ಮುದುಕಿಯರು ಎದ್ದರು. ತಮ್ಮ ಸಿಬ್ಬಂದಿ ಮೈಕು ಆರಿಸಿ, ಜೋರಾಗಿ ವಾದ್ಯ ಹಾಕಿದರು. ಅಷ್ಟು ಚುರುಕಿನ ಸಿಬ್ಬಂದಿಯನ್ನು ಪಡೆದ ತಾವೇ ಧನ್ಯರು. ಅಜ್ಜಿ ಮೈಕು ಕೆಳಗಿಟ್ಟು, ಮೆಟ್ಟಿಲಿಳಿದು ಬಂದು ಹುಸೇನಬಿಯ ಪಕ್ಕದಲ್ಲಿ ಕುಳಿತಳು. ಆ ಇಬ್ಬರೂ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮರುವಾರ ಎರಡನೆಯ ನೋಟೀಸು ಬಂತು. ನ್ಯಾಯಾಲಯಕ್ಕೆ ಹೋಗೋಣವೆಂದು ನಾನು ವಕೀಲರನ್ನು ಕಾಣಲು ಹೊರಟರೆ ಅಜ್ಜಿ ತಡೆದಳು. "ಹತ್ತೊಂಬತ್ತು ವರ್ಷದ ಮಾರಿ ಅವರ ಇಟ್ಕೊಳ್ಳಿ ಬಿಡು. ಹೇಳೂದನ್ನ ಎಲ್ಲಾರ ಮುಂದ ಹೇಳೇನಿ, ನನಗ ಸಾಕು. ಈಗಿನ ಮಾರಿ ತಗಸು" ಎಂದಳು. ಅದರಂತೆ ಹಳೆಯ ಬೋರ್ಡು ಇಳಿಸಿ, ಎಂಬತ್ತೈದರ ಸುಕ್ಕು, ಬೊಚ್ಚುಬಾಯಿ, ಹಣೆಯ ವಿಭೂತಿಸಮೇತ ಹೊಸ ಫೋಟೋ ಏರಿಸಿದ್ದೇನೆ. ಕೆಳಗೆ ಆಕೆಯ ಹೆಸರೂ ಊರೂ ದಪ್ಪ ಅಕ್ಷರದಲ್ಲಿವೆ.

ಇನ್ನು ನನ್ನ ಅಲ್ಪ ಬೇಡಿಕೆಗಳು. ಸದರಿ ಮುಖ ಕಂಪನಿಯ ಸ್ವತ್ತಾದ್ದರಿಂದ ಅದರ ದುರಸ್ತಿಯೂ ಕಂಪನಿಗೇ ಸೇರಿದ್ದು, ಎಡಗಣ್ಣಿನ ಪೊರೆ ತೆಗೆಸಲು ತಾವು ಯಾವಾಗ ಬರುತ್ತೀರೆಂದು ತಿಳಿಸಬೇಕು. ಸಂತೆಗೆ ಹೋಗುವಾಗ ಆಕೆ ತಮ್ಮ ಸ್ವತ್ತನ್ನು ಸೆರಗಿನಿಂದ ಮುಚ್ಚಿಕೊಳ್ಳಬೇಕೋ, ತೆರೆದುಕೊಂಡು ಹೋಗಲು ಪರವಾನಗಿ ಸಿಗುತ್ತದೆಯೋ ತಿಳಿಸಬೇಕು. ನನ್ನ ಮೂಗು ಅಜ್ಜಿಯ ಮೂಗನ್ನೇ ಹೋಲುತ್ತದೆಂದು ಎಲ್ಲರೂ ಹೇಳುತ್ತಾರೆ, ಅದನ್ನು ಎಂದು ಜಪ್ತಿ ಮಾಡುತ್ತೀರೆಂದೂ ಹೇಳಿದರೆ ಅಷ್ಟರೊಳಗೆ ನೆಗಡಿ ವಾಸಿ ಮಾಡಿಕೊಂಡಿರುತ್ತೇನೆ. ಗ್ರಂಥದ ಎರಡನೆಯ ಮುದ್ರಣದಲ್ಲಿ ಮೂವತ್ತೊಂದನೆಯ ಪುಟವನ್ನು ತಿದ್ದಬೇಕೆಂದು ಮಾತ್ರ ನಾನು ಕೇಳುವುದಿಲ್ಲ. ಮೊದಲನೆಯ ಮುದ್ರಣವೇ ಇನ್ನೂ ಕಟ್ಟು ಬಿಚ್ಚದೆ ತಮ್ಮ ಗೋದಾಮಿನಲ್ಲಿದೆಯೆಂದು ಕೇಳಿದ್ದೇನೆ.

ರಾಜವಂಶಕ್ಕೆ ಸೇರಿಯೂ ರೊಟ್ಟಿ ಬಡಿಯುತ್ತಿರುವ,
ತಮ್ಮ ವಿಶ್ವಾಸಿ,
ನೀಲಾ
ಸಾವಕ್ಕನ ಖಾನಾವಳಿ, ಗದಗ

ತಾ.ಕ.: ಹೊಸ ಬೋರ್ಡಿನ ತಪಾಸಣೆಗೆಂದು ತಮ್ಮ ಕಾನೂನು ವಿಭಾಗದ ಇಬ್ಬರು ಮಹನೀಯರು ಕಳೆದ ಬುಧವಾರ ಬಂದು, ಫೋಟೋ ತೆಗೆದುಕೊಂಡು, ಹಾಗೆಯೇ ಊಟಕ್ಕೂ ಕುಳಿತರು. ಬಡಿಸಿದ ಮುದುಕಿಗೆ, "ಅಜ್ಜಿ, ಎಣ್ಣಿಗಾಯಿ ಇನ್ನೊಂದೀಟ ಹಾಕ್ರಿ. ಈ ಬೋರ್ಡಿನ ಮ್ಯಾಲಿರೋ ಸಾವಕ್ಕ ಅನ್ನಾಕಿ ಎಲ್ಲಿ ಸಿಗ್ತಾಳ್ರಿ?" ಎಂದು ಕೇಳಿದರು. ಆಕೆ ಎಣ್ಣೆಗಾಯಿ ಹಾಕಿ, "ಇಲ್ಲೇ ಎಲ್ಲ್ಯರ ಇರ್ತಾಳಪಾ, ನೀವು ಉಣ್ರಿ" ಎಂದಳು.