ಇನ್ನೊಂದು ಯೂನಿಟ್

ರಕ್ತನಿಧಿಯಲ್ಲಿ ಕೆಲಸ ಅಂದರೆ ಜನ ನನ್ನನ್ನು ಕನಿಕರದಿಂದ ನೋಡುತ್ತಾರೆ, ಪಾಪ, ದಿನವೆಲ್ಲ ಬರೀ ಅಳು ನೋಡಬೇಕು ಅಂತ. ನಿಜ ಹೇಳಬೇಕೆಂದರೆ ಅಳುವಿನಷ್ಟೇ ನಗುವೂ ನಮ್ಮ ಕೌಂಟರಿಗೆ ಬರುತ್ತದೆ, ಅದೂ ನಗಬಾರದ ಹೊತ್ತಿಗೇ ಬರುತ್ತದೆ. ರಕ್ತವನ್ನು ಯಾವ ಕಾರ್ಖಾನೆಯೂ ಮಾಡುವುದಿಲ್ಲ, ಮನುಷ್ಯರೇ ಕೊಡಬೇಕು. ಮನುಷ್ಯರು ಬಂದಮೇಲೆ ನಗೆಯೂ ಬರದೆ ಇರುತ್ತದೆಯೇ? ಎಲ್ಲ ಬೇಡ, ಒಂದೇ ಒಂದು ಬುಧವಾರದ ಬೆಳಿಗ್ಗೆ ಹೇಳುತ್ತೇನೆ.

ಒಂಬತ್ತಕ್ಕೆ ನಾನು ಬರುವಷ್ಟರಲ್ಲಿ ಗೂಡ್ಸ್ ಆಟೋ ಓಡಿಸುವ ಒಬ್ಬಾತ ತಾಯಿಯ ಜೊತೆ ಚೀಟಿ ಹಿಡಿದು ನಿಂತಿದ್ದ. ಹೆಂಡತಿ ತುಂಬು ಬಸುರಿ, ಮಾಸು ಕೆಳಗೆ ಕೂತು ಮಗುವಿನ ದಾರಿಗೆ ಅಡ್ಡವಾಗಿದೆ. ಸಂಜೆ ಐದಕ್ಕೆ ಆಪರೇಷನ್. ರಕ್ತ ಜಾಸ್ತಿ ಹೋಗಬಹುದು, ಎರಡು ಯೂನಿಟ್ ಓ ನೆಗೆಟಿವ್ ಕೈಯಲ್ಲಿ ಇಟ್ಟುಕೊಂಡೇ ಶುರುಮಾಡೋದು ಅಂದಿದ್ದರು ಡಾಕ್ಟರು. ನಮ್ಮ ಫ್ರಿಜ್ಜಿನಲ್ಲಿ ಇದ್ದದ್ದು ಒಂದೇ. ಊರಿನ ಬೇರೆ ರಕ್ತನಿಧಿಗಳಿಗೆ ಫೋನ್ ಮಾಡಿದೆ, ಅಲ್ಲೂ ಇಲ್ಲ. ತೆಗೆದ ರಕ್ತವನ್ನು ಹಾಗೇ ಏರಿಸುವಂತಿಲ್ಲ, ಸೋಂಕಿನ ಪರೀಕ್ಷೆ ಮುಗಿಯಲು ನಾಲ್ಕು ಗಂಟೆಯಾದರೂ ಬೇಕು. ಅಂದರೆ ಹನ್ನೆರಡರೊಳಗೆ ಯಾರಾದರೂ ಓ ನೆಗೆಟಿವ್‌ನವರು ನಮ್ಮ ಮಂಚದ ಮೇಲೆ ಮಲಗಿರಬೇಕು.

ದಾನಿಗಳ ಪುಸ್ತಕ ತೆಗೆದು ಫೋನ್ ಮಾಡುತ್ತಾ ಕೂತೆ. ಒಬ್ಬರು ಪ್ರವಾಸದಲ್ಲಿದ್ದರು, ಇನ್ನೊಬ್ಬರಿಗೆ ಜ್ವರ, ಮತ್ತೊಬ್ಬರು ಹೋದ ತಿಂಗಳಷ್ಟೇ ಕೊಟ್ಟಿದ್ದರು. ಕೊನೆಗೆ ಇಬ್ಬರು ಬರುತ್ತೇವೆ ಅಂದರು.

ಎರಡು ಕೆ.ಜಿ.

ಮೊದಲು ಬಂದವಳು ಜಯಲಕ್ಷ್ಮಿಪುರಂ ಕಡೆಯ ಕಾಲೇಜು ಹುಡುಗಿ. ಹೋದ ಸಲ ತೂಕ ನಲವತ್ತಮೂರು ಇತ್ತೆಂದು, ನಲವತ್ತೈದಾದರೂ ಬೇಕು ಕಣಮ್ಮ ಎಂದು ವಾಪಸ್ ಕಳಿಸಿದ್ದೆ. ಈ ಸಲ ತಕ್ಕಡಿ ಸರಿಯಾಗಿ ನಲವತ್ತೈದು ತೋರಿಸಿತು. ಆಟೋದವನ ಮುಖ ಅರಳಿತು. ನನಗೆ ಮಾತ್ರ ಏಪ್ರಿಲ್ ಬಿಸಿಲಲ್ಲಿ ಇವಳು ಸ್ವೆಟರ್ ಯಾಕೆ ಹಾಕಿದ್ದಾಳೆ ಅನ್ನಿಸಿತು. ಬಿಚ್ಚು ಅಂದೆ. ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು, ಠಣ್ ಅಂತು. ಎರಡು ಜೇಬಿನಲ್ಲೂ ಅವರಪ್ಪನ ದಿನಸಿ ಅಂಗಡಿಯ ಒಂದೊಂದು ಕೆ.ಜಿ. ಕಬ್ಬಿಣದ ಬಟ್ಟು!

"ಏನಮ್ಮ ಇದು?"

"ಎರಡು ಕೆ.ಜಿ. ಕಮ್ಮಿ ಇದೆ ಅಂದಿದ್ರಲ್ಲ ಮೇಡಂ, ತಂದಿದೀನಿ."

ವಯಸ್ಸು

ಹತ್ತೂವರೆ ಆಯಿತು. ಆಟೋದವನದು ಓ ಪಾಸಿಟಿವ್, ಹೆಂಡತಿಗೆ ಆಗದು. "ನಂದು ಬೇರೆ ಯಾರಿಗಾದ್ರೂ ಆಗುತ್ತಾ ಮೇಡಂ?" ಅಂದ. "ಓ, ಧಾರಾಳವಾಗಿ" ಅಂದೆ. "ಹಂಗಾದ್ರೆ ತಗೊಳ್ಳಿ. ನಮಗೋಸ್ಕರ ಯಾರೋ ಬರ್ತಾವ್ರೆ, ನಾನು ಸುಮ್ನೆ ಕೂತಿರ್ಲಾ?" ಎಂದು ಹೋಗಿ ಮಲಗಿಯೇಬಿಟ್ಟ. ಬೆರಳು ಚುಚ್ಚಿ ನೋಡಿ, ಬಿ.ಪಿ. ನೋಡಿ, ಹತ್ತು ನಿಮಿಷದಲ್ಲಿ ಅವನದು ಮುಗಿಯಿತು.

ಅದನ್ನು ನೋಡಿದ ತಾಯಿ ಸೆರಗು ಬಿಗಿದುಕೊಂಡು ನನ್ನ ಮೇಜಿಗೆ ಬಂದರು.

"ನಂದೂ ತಗೊಳವ್ವ."

"ನಿಮ್ಮ ವಯಸ್ಸೆಷ್ಟಮ್ಮ?"

"ಎಷ್ಟಿರಬೇಕು?"

"ಮೊದಲನೇ ಸಲ ಕೊಡೋರಿಗೆ ಅರವತ್ತರೊಳಗೆ."

"ಅಂಗಾದ್ರೆ ಐವತ್ತೊಂಬತ್ತು ಅಂತ ಬರ್ಕೊಬುಡು."

ಹತ್ತಿ ಒತ್ತಿಕೊಂಡು ಮಲಗಿದ್ದ ಮಗ ಅಲ್ಲಿಂದಲೇ ಕೂಗಿದ: "ಅವ್ವೋ, ಪೆನ್ಷನ್ನಿಗೆ ಅರವತ್ತೈದು ಅಂತ ಬರ್ಸಿದೀಯ ಕಣವ್ವೋ!"

ಮೂವತ್ತೆರಡು

ಹನ್ನೊಂದು ದಾಟಿದಾಗ ಎರಡನೆಯವರು ಬಂದರು. ರಾಮಕೃಷ್ಣನಗರದ ಹೈಸ್ಕೂಲ್ ಮೇಷ್ಟ್ರು, ಐವತ್ತೆಂಟು ವರ್ಷ, ಗಟ್ಟಿ ಆಳು. ಹಿಂದೊಮ್ಮೆ ಗುಂಪು ನೋಡಿಸಿ ಹೆಸರು ಬರೆಸಿದ್ದರು, ಕೊಡುವುದು ಇದೇ ಮೊದಲು. ತೂಕ, ಬಿ.ಪಿ., ಹಿಮೋಗ್ಲೋಬಿನ್ ಎಲ್ಲ ಸರಿ.

"ಏನು ತಿಂಡಿ ತಿಂದಿರಿ ಸಾರ್?"

"ನಿನ್ನೆ ರಾತ್ರಿಯಿಂದ ಏನೂ ಮುಟ್ಟಿಲ್ಲ," ಅಂದರು ಹೆಮ್ಮೆಯಿಂದ. "ಶುಗರ್ ಟೆಸ್ಟಿಗೇ ಖಾಲಿ ಹೊಟ್ಟೆ ಇರಬೇಕು ಅಂದಮೇಲೆ ದಾನಕ್ಕೆ ಬೇಡವೇ?"

ನನಗೆ ತಲೆ ತಿರುಗಿತು. ರಕ್ತ ಕೊಡುವವರು ತಿಂದು, ನೀರು ಕುಡಿದು ಬರಬೇಕು, ಇಲ್ಲದಿದ್ದರೆ ಇವರಿಗೂ ತಿರುಗುತ್ತದೆ. ಸದ್ಯ, ತೂಕ ಸಾಲದ ಆ ಬಟ್ಟಿನ ಹುಡುಗಿ ಇನ್ನೂ ಹೋಗಿರಲಿಲ್ಲ. ಎದುರಿನ ಹೋಟೆಲಿಗೆ ಓಡಿ ಮೂರು ಇಡ್ಲಿ ತಂದಳು.

ಮೇಷ್ಟ್ರು ಮೊದಲ ತುತ್ತು ಬಾಯಿಗಿಟ್ಟು ಅಗಿದರು. ಅಗಿದರು. ಅಗಿಯುತ್ತಲೇ ಇದ್ದರು. ನುಂಗಿದ ಮೇಲೆ, "ಪ್ರತಿ ತುತ್ತೂ ಮೂವತ್ತೆರಡು ಸಲ. ಎಷ್ಟು ಹಲ್ಲೋ ಅಷ್ಟು ಸಲ. ಇಪ್ಪತ್ತು ವರ್ಷದಿಂದ ತಪ್ಪಿಸಿಲ್ಲ," ಅಂದರು.

ಒಂದು ಇಡ್ಲಿಗೆ ಆರು ತುತ್ತು. ಮೂರಕ್ಕೆ ಹದಿನೆಂಟು. ಗಡಿಯಾರ ಹನ್ನೊಂದೂ ಇಪ್ಪತ್ತು. ಆಟೋದವ ಒಮ್ಮೆ ಮುಳ್ಳು ನೋಡುತ್ತಾನೆ, ಒಮ್ಮೆ ಮೇಷ್ಟ್ರ ದವಡೆ ನೋಡುತ್ತಾನೆ. ತಡೆಯಲಾರದೆ, "ಸಾರ್, ಚಟ್ನಿ ಇನ್ನೊಂಚೂರು ಹಾಕ್ಕೊಂಡ್ರೆ ಬೇಗ ಜಾರುತ್ತೆ" ಅಂದ. ಮೇಷ್ಟ್ರು ಬೆರಳೆತ್ತಿ ತಡೆದು, ಕಷ್ಟಪಟ್ಟು ನುಂಗಿದರು. "ಲೆಕ್ಕ ತಪ್ಪಿಹೋಯ್ತು. ಈ ತುತ್ತು ಲೆಕ್ಕಕ್ಕಿಲ್ಲ."

ಆಮೇಲೆ ಯಾರೂ ಕೆಮ್ಮಲಿಲ್ಲ. ಫೋನ್ ಬಡಿದುಕೊಂಡರೆ ನಾನೇ ಬಾಯಿ ಮುಚ್ಚಿಸಿದೆ. ತಾಯಿ ಮಾತ್ರ ಮೇಷ್ಟ್ರ ಎದುರಿಗೇ ಸ್ಟೂಲ್ ಎಳೆದುಕೊಂಡು ಕೂತು, ಬೆರಳು ಮಡಿಚಿ ಮಡಿಚಿ ಎಣಿಸಿದರು. ಮೂವತ್ತೆರಡಾದ ಕೂಡಲೇ ಕಣ್ಣಲ್ಲೇ 'ಹ್ಞೂಂ, ನುಂಗಿ' ಅನ್ನುವರು. ಮೇಷ್ಟ್ರು ನುಂಗುವರು. ಇಪ್ಪತ್ತು ವರ್ಷದಲ್ಲಿ ಅವರಿಗೆ ಇಂಥ ಸಹಾಯಕರು ಸಿಕ್ಕಿರಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ ತಟ್ಟೆ ಖಾಲಿ. ನೀರು ಕುಡಿಸಿ, ಹತ್ತು ನಿಮಿಷ ಕೂರಿಸಿದೆವು. ಸೂಜಿ ಚುಚ್ಚಿದಾಗ ಹನ್ನೆರಡಕ್ಕೆ ನಾಲ್ಕು ನಿಮಿಷ.

ಅನುಮಾನ

ನಾಲ್ಕೂ ಮುಕ್ಕಾಲಿಗೆ ಎರಡನೇ ಚೀಲ ಆಸ್ಪತ್ರೆ ಮುಟ್ಟಿತು. ಆರಾಯಿತು, ಫೋನಿಲ್ಲ. ಆರೂವರೆಗೂ ಇಲ್ಲ. ನನ್ನ ಡ್ಯೂಟಿ ಮುಗಿದಿತ್ತು, ಏಳಲು ಮನಸ್ಸಾಗಲಿಲ್ಲ. ಏಳಕ್ಕೆ ಆಟೋದವನ ಫೋನ್ ಬಂತು. "ಹೆಣ್ಣು ಮಗು ಮೇಡಂ. ತುಂಬಾ ರಕ್ತ ಹೋಯ್ತಂತೆ, ಎರಡೂ ಹಾಕಿದ್ರು. ಈಗ ಕಣ್ಣು ಬಿಟ್ಟವ್ಳೆ." ಅಷ್ಟರಲ್ಲಿ ಫೋನು ತಾಯಿಯ ಕೈಗೆ ಹೋಯಿತು.

"ಅವ್ವ, ನನ್ಗೊಂದ್ ಅನುಮಾನ. ಆ ಮೇಷ್ಟ್ರ ರಕ್ತ ಸೊಸೆ ಮೈಗೆ ಹೋಯ್ತಲ್ಲ, ಇನ್ಮೇಲೆ ಇವಳೂ ಅಂಗೇ ಉಣ್ತಾಳಾ?"

"ಇಲ್ಲಮ್ಮ, ರಕ್ತದ ಜೊತೆ ಅಭ್ಯಾಸ ಎಲ್ಲ ಹೋಗಲ್ಲ."

ಅವರು ನನ್ನ ಮಾತು ನಂಬಿದ ಹಾಗೆ ಕಾಣಲಿಲ್ಲ.

"ಹೋದ್ರೆ ಹೋಗ್ಲಿ ಬುಡವ್ವ. ಎಷ್ಟೊತ್ತಾದ್ರೂ ಉಣ್ಲಿ. ನಾನೇ ಕೂತು ಎಣಿಸ್ತೀನಿ."