ನಮ್ಮಣ್ಣನ ಜೆರಂಡು ಮತ್ತು ಪಡೆದ ಪುಸ್ತಕ

ನಮ್ಮಣ್ಣನ ಕೈಗೆ ನೀವು ಏನನ್ನು ಬೇಕಾದರೂ ಕೊಡಬಹುದು, ಸುಮ್ಮನೆ ಕೊಟ್ಟು ಬರಲು ಮಾತ್ರ ಆಗುವುದಿಲ್ಲ. ಸಹಿ ಹಾಕಿ ಬರಬೇಕು. ಕೊಟ್ಟಿದ್ದು ಒಂದು ಲೋಟ ಮಜ್ಜಿಗೆಯಾದರೂ ಸರಿಯೇ. ನೀವು ಸಹಿ ಹಾಕುವಷ್ಟರಲ್ಲಿ ಅವನು ನಿಮಗೆ ಜೆರಂಡ್ ಎಂದರೇನು ಎಂದು ಹೇಳಿಕೊಟ್ಟಿರುತ್ತಾನೆ. ಇವೆರಡರಿಂದ ತಪ್ಪಿಸಿಕೊಂಡವರು ಹೆತ್ತೂರಿನ ಸುತ್ತಮುತ್ತ ಯಾರಾದರೂ ಇದ್ದರೆ, ಅವರು ಇನ್ನೂ ಅವನ ಕಣ್ಣಿಗೆ ಬಿದ್ದಿಲ್ಲ ಎಂದೇ ಅರ್ಥ.

ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆದುಕೊಂಡರೆ ಅದೇ ಹೆಚ್ಚು. ಆದರೂ ಜೆರಂಡ್ ಗೊತ್ತು. ಗೊತ್ತಾಗದೆ ಇರಲು ಅಣ್ಣ ಬಿಡಬೇಕಲ್ಲ? ಅವನ ಪ್ರಕಾರ, ಕೆಲಸ ಹೇಳುವ ಪದದ ಬಾಲಕ್ಕೆ 'ಇಂಗ್' ಕಟ್ಟಿ, ಅದನ್ನು ನಾಮಪದದ ಕುರ್ಚಿಯಲ್ಲಿ ಕೂರಿಸಿದರೆ ಜೆರಂಡ್. ಅವನು ಎಸ್ಟೇಟೊಂದರಲ್ಲಿ ರೈಟರು. ಆಳುಗಳ ಹಾಜರಿ ಹಾಕುವುದು, ಸ್ಟೋರ್ ರೂಮಿಗೆ ಬೀಗ ಹಾಕುವುದು ಅವನ ಕೆಲಸ. ಕಾಫಿ ಹಣ್ಣು ಕುಯ್ಯುವ ಹೆಂಗಸರನ್ನೂ ಅವನು ಈ ಪಾಠದಿಂದ ಬಿಟ್ಟಿಲ್ಲ.

"ನೋಡ್ರಮ್ಮ, 'ನಾನು ಕುಯ್ತೀನಿ' ಅಂದ್ರೆ ಅದು ಕೆಲಸ. 'ಕುಯ್ಯೋದು ಕಷ್ಟ' ಅಂದ್ರೆ ಆ ಕುಯ್ಯೋದು ಒಂದು ವಸ್ತು ಆಗ್ಬುಡ್ತು. ಕಲ್ಲು, ಚೀಲ, ಕುಯ್ಯೋದು, ಎಲ್ಲಾ ಒಂದೇ ಜಾತಿ."

"ಹಂಗಾದ್ರೆ ಆ ವಸ್ತುನ ಚೀಲಕ್ಕೆ ತುಂಬ್ಕೊಂಡು ನೀವೇ ಹೊತ್ಕೊಂಡೋಗಿ ರೈಟ್ರೇ. ನಮ್ಮ ಸೊಂಟ ಬಿದ್ದೋಗೈತೆ," ಎಂದಳು ಒಬ್ಬಳು.

ಇನ್ನೊಮ್ಮೆ ಎಸ್ಟೇಟಿನ ಜೀಪಿನಲ್ಲಿ ಬರುತ್ತಿದ್ದೆವು. ಡ್ರೈವರ್ ಬೀಡಿ ಹಚ್ಚಿದ. ಅಣ್ಣನಿಗೆ ಹೊಗೆ ಆಗದು. "ಸ್ಟಾಪ್ ಸ್ಮೋಕಿಂಗ್" ಎಂದ. ಡ್ರೈವರ್ ಮರ್ಯಾದಸ್ಥ. ತಕ್ಷಣ ಜೀಪು ನಿಲ್ಲಿಸಿ, ಕೆಳಗಿಳಿದು, ನೆಮ್ಮದಿಯಾಗಿ ಸೇದತೊಡಗಿದ. ಅಣ್ಣನೂ ಇಳಿದ. "ನೀನು ಮಾಡಿದ್ದು ಸ್ಟಾಪ್ ಟು ಸ್ಮೋಕ್ ಕಣೋ. ಸೇದೋಕೆ ನಿಂತೆ. ನಾನು ಹೇಳಿದ್ದು ಸೇದೋದನ್ನ ನಿಲ್ಸು ಅಂತ. ಮುಂದೆ ಇಂಗ್ ಬಂದ್ರೆ ಒಂದರ್ಥ, ಟು ಬಂದ್ರೆ ಇನ್ನೊಂದರ್ಥ." ಪಾಠ ಮುಗಿಯುವ ಮೊದಲೇ ಮೇಲಿನ ತಿರುವಿನಲ್ಲಿ ಒಂಟಿ ಆನೆ ಬಂದು ನಿಂತಿತು.

"ಸಾರ್, ಅದಕ್ಕೆ ಯಾವ್ದು ಹೇಳ್ತೀರಿ? ಟು ಹಾಕಿ ಹೇಳ್ತೀರೋ, ಇಂಗ್ ಹಾಕಿ ಹೇಳ್ತೀರೋ?"

"ಮೊದ್ಲು ರಿವರ್ಸ್ ಹಾಕು ಮಾರಾಯ," ಎಂದ ಅಣ್ಣ.

ವ್ಯಾಕರಣದ ಹುಚ್ಚು ಒಂದಾದರೆ ಮರೆವಿನ ಭಯ ಇನ್ನೊಂದು. ಸ್ಟೋರ್ ರೂಮಿಗೆ ಬೀಗ ಹಾಕಿ, ಎಳೆದು ನೋಡಿ, ಎದುರಿಗೆ ಸಿಕ್ಕವರಿಂದ "ಹಾಕೈತೆ" ಎಂದು ಹೇಳಿಸಿಕೊಂಡು ಹೊರಡುತ್ತಾನೆ. ಅರ್ಧ ದಾರಿಗೆ ಬಂದವನು ವಾಪಸು ಹೋಗುತ್ತಾನೆ. ಅವನ ಹೆಗಲ ಚೀಲದಲ್ಲಿ ಸದಾ ಒಂದು ಉದ್ದನೆಯ ನೋಟ್ ಬುಕ್ಕು. ಮನೆಯಲ್ಲಿ ಅದಕ್ಕೆ 'ಪಡೆದ ಪುಸ್ತಕ' ಎನ್ನುತ್ತೇವೆ. ಏನು, ಪಡೆದವರ ಸಹಿ, ಕೊಟ್ಟವರ ಸಹಿ ಎಂದು ಗೆರೆ ಎಳೆದ ಮೂರು ಮನೆ. ಬುತ್ತಿ, ಛತ್ರಿ, ಲಗ್ನಪತ್ರಿಕೆ, ಸ್ನಾನಕ್ಕೆ ಟವೆಲು, ಎಲ್ಲವೂ ಅದರಲ್ಲಿವೆ. ಇಂಥ ಪುಸ್ತಕಗಳು ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ಇವೆ.

ಮದುವೆಯ ಮಾತೂ ಬಂದಿತ್ತು. ಕೆ. ಹೊಸಕೋಟೆ ಕಡೆಯ ಸಂಬಂಧ. ಹುಡುಗಿ ಒಪ್ಪಿದ್ದಳು. ಅಣ್ಣ ಅವಳ ಅಪ್ಪನ ಎದುರಿಗೆ ಕೈಕಟ್ಟಿ ನಿಂತು, "ನನಗೆ ಕೈಗೆ ಕೊಟ್ಟಿದ್ದು ನೆನಪಿರೋದಿಲ್ಲ. ನಾಳೆ ನಿಮ್ಮ ಮಗಳನ್ನ ಕೈಗೆ ಕೊಟ್ರೆ ನೆನಪಿರ್ತೈತೆ ಅಂತ ಹೆಂಗೆ ಹೇಳ್ಲಿ?" ಎಂದ. ನಮ್ಮ ಸೋದರಮಾವ ತಲೆ ಚಚ್ಚಿಕೊಂಡರು. "ಅದನ್ನೂ ಪುಸ್ತಕದಲ್ಲಿ ಬರ್ಕೊಂಡು ಸಹಿ ಹಾಕ್ಸಿಕೋ ಹೋಗೋ." ಬಂದವರು ಕಾಫಿ ಕುಡಿದು, ಕೊಟ್ಟ ಹೋಳಿಗೆಯನ್ನೂ ಮುಟ್ಟದೆ ಎದ್ದು ಹೋದರು. ಆಮೇಲೆ ಯಾರೂ ಬರಲಿಲ್ಲ.

ಇಷ್ಟು ಹೊತ್ತು ನೀವು ನಕ್ಕಿದ್ದರೆ ತಪ್ಪು ನಿಮ್ಮದಲ್ಲ. ನಗುವ ಹಾಗೆ ಹೇಳಿದವಳು ನಾನು. ಇಪ್ಪತ್ತೆರಡು ವರ್ಷದಿಂದ ಹೀಗೇ ಹೇಳಿಕೊಂಡು ಬಂದಿದ್ದೇನೆ. ಬೀಗದ ಕಥೆಯನ್ನು, ಪುಸ್ತಕದ ಕಥೆಯನ್ನು ಊರಿಗೆಲ್ಲ ಹಂಚಿದ್ದೇನೆ. ಅವೆಲ್ಲ ಹುಟ್ಟಿದ್ದು ಎಲ್ಲಿಂದ ಎಂಬುದನ್ನು ಮಾತ್ರ ಹೇಳಿಲ್ಲ.

ಆಗ ಅಣ್ಣ ಬಿ.ಎ. ಮುಗಿಸಿ ಒಂದು ಶಾಲೆಗೆ ಇಂಗ್ಲಿಷ್ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದ್ದ. ಸಂದರ್ಶನಕ್ಕೆ ಕರೆದ ಕಾಗದವನ್ನು ಪೋಸ್ಟಿನವನು ತೋಟದ ದಾರಿಯಲ್ಲಿ ನನ್ನ ಕೈಗೆ ಕೊಟ್ಟ. ಹಣ್ಣು ಕುಯ್ಯಲು ಹೊರಟಿದ್ದ ನಾನು ಸೀರೆಯ ಮೇಲೆ ಅಪ್ಪನ ಹಳೇ ಅಂಗಿ ತೊಟ್ಟಿದ್ದೆ. ಅದರ ಜೇಬಿಗೆ ಹಾಕಿಕೊಂಡೆ. ಅವತ್ತು ಕುಯ್ಲಿನ ಕೊನೇ ದಿನ. ಸಂಜೆ ಅಂಗಿ ಗೂಟಕ್ಕೆ ಹೋಯಿತು, ಕಾಗದ ನನ್ನ ತಲೆಯಿಂದ ಹೋಯಿತು.

ತಿಂಗಳ ಮೇಲೆ, ಸಂದರ್ಶನದ ದಿನ ಕಳೆದುಹೋದ ಮೇಲೆ, ಅಣ್ಣ ಪೋಸ್ಟಿನವನನ್ನು ಕೇಳಿ ಮನೆಗೆ ಬಂದ. "ಕಾಗದ ನಿನ್ ಕೈಲಿ ಕೊಟ್ಟಿದ್ನಂತೆ, ಹೌದೇನೇ?" ಎಂದ. ಆಗ ನೆನಪಾಯಿತು. ಗೂಟದಲ್ಲಿ ಅಂಗಿ ಅವನ ಬೆನ್ನ ಹಿಂದೆಯೇ ಇತ್ತು. ನಾನು ಹೇಳಿದೆ, "ಅವತ್ತೇ ಕೊಟ್ಟೆನಲ್ಲಣ್ಣ. ನೀನು ಓದ್ತಾ ಕೂತಿದ್ದೆ, ಕೈಗೇ ಕೊಟ್ಟೆ. ನೀನೇ ಮರ್ತಿದ್ದೀಯ."

ಅವನು ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. "ಇರಬೌದು," ಎಂದ. ಮರುದಿನ ಕಾಗದವನ್ನು ಬಚ್ಚಲ ಒಲೆಗೆ ಹಾಕಿದೆ. ಅದೇ ವಾರ ಅವನು ಮೊದಲನೇ ಪುಸ್ತಕಕ್ಕೆ ಗೆರೆ ಎಳೆದ.

ನನ್ನ ಗಂಡ ತೀರಿಕೊಂಡ ಮೇಲೆ ಅಣ್ಣನೇ ನನ್ನನ್ನು ಕರೆದುಕೊಂಡು ಬಂದ. ಭಾನುವಾರ ಅವನು ಜಗಲಿಯಲ್ಲಿ ಊರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾನೆ. ಕಪ್ಪು ಬಳಿದ ಗೋಡೆಯ ಮೇಲೆ ಪ್ರತಿ ವರ್ಷ ಅದೇ ಉದಾಹರಣೆ: ಐ ಫರ್ಗಾಟ್ ರಿಸೀವಿಂಗ್ ದಿ ಲೆಟರ್. "ಫರ್ಗಾಟ್ ಮುಂದೆ ಇಂಗ್ ಬಂದ್ರೆ, ಕೆಲಸ ಆಗೈತೆ, ಆಗಿದ್ದು ಮರ್ತೋಗೈತೆ. ನನ್ ಥರ. ಟು ಬಂದ್ರೆ, ಮರ್ತಿದ್ದಕ್ಕೆ ಕೆಲಸವೇ ಆಗಿಲ್ಲ." ಮಕ್ಕಳು ನಗುತ್ತಾರೆ. ಒಳಗೆ ನನ್ನ ರೊಟ್ಟಿ ಸೀಯುತ್ತದೆ.

ಈ ವರ್ಷ ಅವನು ಕೆಲಸ ಬಿಡುತ್ತೇನೆಂದ. "ಮರೆಯೋನ ಕೈಲಿ ಬೀಗದ ಕೈ ಇರಬಾರ್ದು. ಮಕ್ಕಳಿಗೂ ಏನಾದ್ರೂ ತಪ್ಪು ಹೇಳ್ಕೊಟ್ರೆ?" ಪಾಠವನ್ನೂ ನಿಲ್ಲಿಸುವವನಿದ್ದ. ಮ್ಯಾನೇಜರು ಮೊದಲು ಡಾಕ್ಟರಿಗೆ ತೋರಿಸಿ ಎಂದರು. ಹಾಸನಕ್ಕೆ ಹೋದೆವು.

ಡಾಕ್ಟರು ಹಸು, ಛತ್ರಿ, ಬಾಗಿಲು ಎಂದು ಮೂರು ಪದ ಹೇಳಿ, ಬೇರೆ ಮಾತಾಡಿ, ಆಮೇಲೆ ಕೇಳಿದರು. ಅಣ್ಣ ಮೂರನ್ನೂ ಹೇಳಿ, "ಮೂರೂ ನಾಮಪದ ಸಾರ್. ಜೆರಂಡ್ ಒಂದೂ ಇಲ್ಲ," ಎಂದ.

"ಮರೆವು ಯಾವಾಗಿಂದ?"

ಅಣ್ಣ ಕಾಗದದ ಕಥೆ ಹೇಳಿದ.

"ಅದು ಬಿಟ್ಟು ಇನ್ನೇನೇನು ಮರೆತಿದ್ದೀರಿ?"

ಅಣ್ಣ ಯೋಚಿಸಿದ. ಚೀಲದಿಂದ ಪುಸ್ತಕ ತೆಗೆದು ಹಾಳೆ ತಿರುವಿದ. "ಅದೊಂದೇ ಸಾರ್."

"ಇಪ್ಪತ್ತೆರಡು ವರ್ಷಕ್ಕೆ ಒಂದಾ? ಬೆಳಗಿಂದ ನಾನೇ ಎರಡು ಸಲ ಕನ್ನಡಕ ಹುಡುಕಿದ್ದೀನಿ, ಹೋಗ್ರೀ." ಡಾಕ್ಟರು ನಕ್ಕರು. "ಆ ಕಾಗದ ನಿಮ್ಮ ಕೈಗೆ ಬಂದೇ ಇಲ್ಲವೇನೋ."

"ಇಲ್ಲ ಸಾರ್. ಕೊಟ್ಟೋಳು ಇಲ್ಲೇ ಕೂತವಳೆ. ನನ್ ತಂಗಿ ಸುಳ್ಳು ಹೇಳೋಳಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ, ನಾನು ಈಚೆ. ಆಲೂರು ಕ್ರಾಸ್ ದಾಟುವವರೆಗೆ ಮಾತನ್ನು ಬಾಯೊಳಗೇ ಹೊರಳಿಸಿದೆ. ಕನ್ನಡದಲ್ಲಿ ಹೇಳಲು ಧೈರ್ಯ ಬರಲಿಲ್ಲ.

"ಅಣ್ಣ. ಐ ಫರ್ಗಾಟ್ ಟು ಗಿವ್."

ಅವನು ತಿರುಗಿದ. ನನ್ನ ಬಾಯಲ್ಲಿ ಇಂಗ್ಲಿಷ್ ಅವನು ಕೇಳಿದ್ದು ಅದೇ ಮೊದಲು.

"ಗಿವಿಂಗ್ ಅಲ್ವಾ?"

"ಅಲ್ಲ. ಟು ಗಿವ್. ಅಪ್ಪನ ಅಂಗಿ ಜೇಬಲ್ಲೇ ಉಳ್ಕೊಂಡಿತ್ತು. ನೀನು ಕೇಳ್ದಾಗ ಹೆದರ್ಕೊಂಡು ಸುಳ್ಳು ಹೇಳ್ದೆ. ಆಮೇಲೆ ಸುಟ್ಟಾಕ್ದೆ."

ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಅವನ ಕತ್ತಿನ ಹಿಂದೆ ಕೂದಲೆಲ್ಲ ಬೆಳ್ಳಗಾಗಿರುವುದನ್ನು ನಾನು ಅವತ್ತೇ ಸರಿಯಾಗಿ ನೋಡಿದ್ದು. ಟಿಕೆಟ್ಟಿನವನು ಬಂದು ಚಿಲ್ಲರೆ ಕೊಟ್ಟು ಹೋದ. ಅಣ್ಣ ಸಹಿ ಕೇಳಲಿಲ್ಲ. ಸಕಲೇಶಪುರ ಇನ್ನೇನು ಬಂತು ಎನ್ನುವಾಗ ಹೇಳಿದ:

"ವಾಕ್ಯ ಸರಿಯಾಗೈತೆ."

ಆಮೇಲೆ ಚೀಲದಿಂದ ಪುಸ್ತಕ ತೆಗೆದ. ಅವತ್ತಿನ ತಾರೀಖು ಹಾಕಿದ. 'ಏನು' ಎಂಬಲ್ಲಿ 'ಕಾಗದ' ಎಂದು ಬರೆದ. ಪಕ್ಕದಲ್ಲಿ ತನ್ನ ಸಹಿ ಹಾಕಿದ. ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು, 'ಕೊಟ್ಟವರ ಸಹಿ' ಎಂಬ ಮನೆಯ ಮೇಲೆ ಬೆರಳಿಟ್ಟು, ಪೆನ್ನು ನನ್ನ ಕೈಗೆ ಕೊಟ್ಟ. ನನ್ನ ಮೊದಲ ಅಕ್ಷರ ಗೆರೆ ದಾಟಿ ಹೋದದ್ದನ್ನು ನೋಡಿ ಪುಸ್ತಕದ ಇನ್ನೊಂದು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಬಸ್ಸು ಅಲ್ಲಾಡ್ತೈತೆ ಕಣೇ," ಎಂದ. "ನಿಧಾನಕ್ಕೆ ಹಾಕು."